ಎರಡೆಳೆಯ ಬತ್ತಿ

ಕೆಲಸದಲ್ಲಿದ್ದಷ್ಟು ವರ್ಷವೂ ಹೈಸ್ಕೂಲಿನ ಮಕ್ಕಳಿಗೆ ಇಂಗ್ಲಿಷ್ ಕಲಿಸಿದವಳು ನಾನು. ನಿವೃತ್ತಿಯಾದ ಮೇಲೆ ಪಾಠದ ಗೊಡವೆಯೇ ಬೇಡ ಅಂದುಕೊಂಡಿದ್ದೆ. ಆದರೆ ನಮ್ಮ ಅಪಾರ್ಟ್‌ಮೆಂಟಿನ ಮೇಲಿನ ಮನೆಯ ಹುಡುಗಿ ಬಿಡಬೇಕಲ್ಲ. ಮೊನ್ನೆ ಅವಳು ತಂದ ಹೋಮ್‌ವರ್ಕ್ ‘ಪೇರ್’ ಎಂಬ ಶಬ್ದದ ಮೇಲಿತ್ತು. ಸಮಾನಾರ್ಥಕ ಪದಗಳನ್ನು ಬರೆಯಬೇಕು, ಒಂದೊಂದನ್ನೂ ವಾಕ್ಯದಲ್ಲಿ ಬಳಸಬೇಕು. ಗಂಡ ಹೆಂಡತಿಯಾದರೆ ಕಪಲ್, ಒಂದೇ ಬಸಿರಲ್ಲಿ ಹುಟ್ಟಿದವರಾದರೆ ಟ್ವಿನ್ಸ್, ಕೂಡಿ ಹಾಡುವವರಾದರೆ ಡ್ಯುಯೋ, ನೊಗಕ್ಕೆ ಕಟ್ಟಿದ ಎತ್ತುಗಳಾದರೆ ಯೋಕ್ ಎಂದು ನಾನು ಹೇಳುತ್ತಾ ಹೋದೆ, ಅವಳು ಬರೆಯುತ್ತಾ ಹೋದಳು. ಆಮೇಲೆ ಪೆನ್ನು ಕೆಳಗಿಟ್ಟು ಕೇಳಿದಳು:

“ಆಂಟಿ, ಕತ್ತರಿ ಒಂದ ಐತಲ್ರಿ. ಅದಕ್ಯಾಕ ಪೇರ್ ಅಂತಾರ?”

ವರ್ಷಕ್ಕೊಬ್ಬರಾದರೂ ಕೇಳುತ್ತಿದ್ದ ಪ್ರಶ್ನೆ ಇದು. ಬಿಡಿಸಿದರೆ ಎರಡು ಭಾಗವೂ ಕೆಲಸಕ್ಕೆ ಬಾರದ ವಸ್ತುವಿಗೆ ಹಾಗನ್ನುತ್ತಾರೆ ಎಂದು ಹೇಳಿ ಮುಂದಿನ ಪಾಠಕ್ಕೆ ಹೋಗುತ್ತಿದ್ದೆ. ಈ ಸಲ ಆ ಉತ್ತರ ಬಾಯಿಗೆ ಬರಲಿಲ್ಲ. ನಾಳೆ ಹೇಳುತ್ತೇನೆಂದು ಹುಡುಗಿಯನ್ನು ಕಳಿಸಿ, ಬಾಗಿಲು ಹಾಕಿಕೊಂಡು, ಅಮ್ಮನ ಟ್ರಂಕಿನ ಪಕ್ಕದಲ್ಲಿ ಸುಮ್ಮನೆ ಕೂತೆ. ಬಳ್ಳಾರಿಯ ಸತ್ಯನಾರಾಯಣಪೇಟೆಯ ಮನೆ, ಅದರ ನಡುಮನೆ, ಅಲ್ಲಿ ಎದುರುಬದುರು ಕೂತ ಇಬ್ಬರು ಹೆಂಗಸರು ಕಣ್ಣಮುಂದೆ ಬಂದರು.

ಆ ಮನೆಯಲ್ಲಿ ಕೂಡಿದ ವಸ್ತುಗಳಿಗೆಲ್ಲ ಒಂದೇ ಹೆಸರಿಟ್ಟು ಕೈ ತೊಳೆದುಕೊಳ್ಳುವ ಪದ್ಧತಿ ಇರಲಿಲ್ಲ. ಅಪ್ಪನ ತಾಯಿ, ನಮ್ಮ ಅಜ್ಜಿ, ಈ ವಿಷಯದಲ್ಲಿ ಭಾರೀ ಕಟ್ಟುನಿಟ್ಟು. ಕಾಲಿಗೆ ಮೆಟ್ಟುವುದು ಜೋಡು, ಅದರ ಜಾಗ ತಲಬಾಗಿಲ ಹೊರಗೆ. ಹಬ್ಬಕ್ಕೆ ಹೊಲಿಸುವ ಬಟ್ಟೆ ಜೊತೆಯ ಲೆಕ್ಕ. ವೀಳ್ಯದೆಲೆ ಕೊಟ್ಟರೆ ಜೋಡಿ ಎಲೆ ಕೊಡಬೇಕು, ಒಂದೆಲೆ ಕೈಯಲ್ಲಿಟ್ಟರೆ ಬಂದವರಿಗೆ ಅವಮಾನ. ಊಟಕ್ಕೆ ಹೇಳಿ ಕರೆಸಿದ ಗಂಡ ಹೆಂಡತಿ ದಂಪತಿಗಳು. ಅವರೇ ಊಟ ಮುಗಿಸಿ ಬೀದಿಯಲ್ಲಿ ಜಗಳವಾಡುತ್ತಾ ಹೋದರೆ ಅಜ್ಜಿಯ ಬಾಯಲ್ಲಿ ‘ಒಳ್ಳೇ ಜೋಡಿ’. ಎರಡು ಹಣ್ಣು ಅಂಟಿಕೊಂಡು ಬೆಳೆದ ಬಾಳೆಹಣ್ಣು ಅವಳಿ ಹಣ್ಣು. ಅದನ್ನು ಮದುವೆಯಾದವರು ತಿನ್ನಬಾರದು ಎಂಬ ಕಾರಣಕ್ಕೆ ಪ್ರತಿ ಸಲವೂ ನನ್ನ ಪಾಲಿಗೆ ಬರುತ್ತಿತ್ತು, ಆ ನಿಯಮದ ಮೇಲೆ ನನಗೆ ತುಂಬ ಗೌರವವಿತ್ತು. ಬಳೆ ತೊಡಿಸಲು ಬರುತ್ತಿದ್ದ ಮಾಬುಬ್ಬಿ ‘ಜೋಡಾ’ ಅನ್ನುತ್ತಿದ್ದಳು, ಹೂವಿನವಳು ತೆಲುಗಿನಲ್ಲಿ ‘ಜತ’ ಅನ್ನುತ್ತಿದ್ದಳು. ಅವರನ್ನು ಅಜ್ಜಿ ತಿದ್ದುತ್ತಿರಲಿಲ್ಲ, ತಿದ್ದಿಸಿಕೊಳ್ಳಲು ಮನೆಯಲ್ಲಿ ನಾವಿದ್ದೆವಲ್ಲ. ಎಲ್ಲಕ್ಕಿಂತ ದೊಡ್ಡ ನಿಯಮ ದೀಪದ್ದು. ಎರಡೆಳೆ ಕೂಡಿಸಿ ಹೊಸೆದರೆ ಮಾತ್ರ ಬತ್ತಿ. ಒಮ್ಮೆ ನಾನು ಆಟಕ್ಕೆ ಒಂದೇ ಎಳೆಯನ್ನು ದೀಪಕ್ಕೆ ಹಾಕಲು ಹೋದಾಗ ಅಜ್ಜಿ ನನ್ನ ಕೈಮೇಲೆ ಪಟ್ಟನೆ ಕೊಟ್ಟಳು.

“ಒಂಟಿ ಎಳಿ ಯಾವಾಗ ಹಚ್ಚತಾರ ಗೊತ್ತದ ಏನು ನಿನಗ? ಮನ್ಯಾಗ ಯಾರರ ಹೋದಾಗ, ಅವರ ತಲಿ ಕಡೆ ಹಚ್ಚತಾರ. ಇನ್ನೊಮ್ಮೆ ಅದನ್ನ ಮುಟ್ಟಬ್ಯಾಡ.”

ಮನೆ ಉದ್ದಕ್ಕಿತ್ತು. ಪಡಸಾಲೆ, ನಡುಮನೆ, ಅಡುಗೆಮನೆ, ಅದರ ಮಗ್ಗುಲಿಗೆ ದೇವರಮನೆ, ಕೊನೆಗೆ ಹಿತ್ತಲು. ಹಿತ್ತಲಲ್ಲಿ ತುಳಸಿಕಟ್ಟೆ ಮತ್ತು ಬಾವಿ. ಬಾಗಿಲುಗಳೆಲ್ಲ ಒಂದೇ ಸಾಲಿನಲ್ಲಿದ್ದುದರಿಂದ ಬೀದಿಯಲ್ಲಿ ನಿಂತವರಿಗೂ ಬಾವಿಯ ರಾಟೆ ಕಾಣುತ್ತಿತ್ತು. ಬಳ್ಳಾರಿಯ ಬಿಸಿಲಿಗೆ ನಡುಮನೆಯ ಕಡಪಾ ಕಲ್ಲಿನ ನೆಲವೊಂದೇ ತಂಪು. ಅಪ್ಪ ಕಚೇರಿಯಲ್ಲಿ ಗುಮಾಸ್ತ, ಅವನ ತಮ್ಮ, ಅಂದರೆ ನನ್ನ ಕಾಕಾ, ಶಾಲೆಯ ಮಾಸ್ತರ. ಇಬ್ಬರ ಮದುವೆಯೂ ಒಂದೇ ದಿನ, ಒಂದೇ ಚಪ್ಪರದಲ್ಲಿ ಆಗಿತ್ತು. ಹೀಗಾಗಿ ಅಮ್ಮ ಇಂದಿರಾ ಮತ್ತು ಕಾಕು ಸುಶೀಲಾ ಒಂದೇ ಹೊಸ್ತಿಲನ್ನು ಒಟ್ಟಿಗೆ ದಾಟಿ ಬಂದವರು. ಒಬ್ಬೊಬ್ಬರು ಒಂದೊಂದು ಒದ್ದು ಒಳಗೆ ಬರಲಿ ಎಂದು ಅಜ್ಜಿ ಎರಡು ಸೇರಿನಲ್ಲಿ ಅಕ್ಕಿ ತುಂಬಿಟ್ಟಿದ್ದಳಂತೆ. ಗಡಿಬಿಡಿಯಲ್ಲಿ ಇಬ್ಬರೂ ಒಂದೇ ಸೇರಿಗೆ ಕಾಲು ತಾಗಿಸಿದರು, ಇನ್ನೊಂದು ಹಾಗೇ ನಿಂತಿತ್ತು. ಅಜ್ಜಿ ಇದನ್ನು ಬಂದವರಿಗೆಲ್ಲ ಹೇಳಿ ನಗುತ್ತಿದ್ದಳು.

ಅಮ್ಮ ಕುರುಗೋಡಿನವಳು. ಅವಳು ಜೋಳದ ರೊಟ್ಟಿ ಬಡಿದರೆ ಪಕ್ಕದ ಮನೆಗೆ ಕೇಳುತ್ತಿತ್ತು. ಕಾಕು ಸಿರುಗುಪ್ಪದವಳು, ಕಾಲುವೆ ನೀರಿನ ಭತ್ತದ ಸೀಮೆಯಿಂದ ಬಂದವಳು, ಎರಡು ಹೊತ್ತೂ ಅನ್ನವಾಗಬೇಕು. ಅಮ್ಮ ಮಾತು ಕಮ್ಮಿ. ಕಾಕು ಅನ್ನ ಬಸಿಯುವಾಗ ಗಂಜಿಯ ಜೊತೆಗೂ ಮಾತಾಡುವಂಥವಳು. ನಮ್ಮ ಮನೆಯೊಳಗೆ ‘ಅದ’ ಎನ್ನುವ ಮಾತು, ಬೀದಿಗಿಳಿದರೆ ‘ಐತಿ’. ಕಾಕು ಬೀದಿಯ ಮಾತನ್ನು ಒಲೆಯ ಮುಂದೆಯೇ ಆಡುತ್ತಿದ್ದಳು.

“ರೊಟ್ಟಿ ತಿಂದ್ರ ನನಗ ಊಟ ಮಾಡಿದಂಗ ಆಗಾಂಗಿಲ್ಲಕ್ಕ, ಕೆಲಸ ಮಾಡಿದಂಗ ಆಗ್ತೈತಿ.”

“ಆಗ್ತದ ಅನ್ನು,” ಎಂದು ಅಜ್ಜಿ ಒಳಗಿನಿಂದ ತಿದ್ದುತ್ತಿದ್ದಳು.

“ಆಗ್ತದ್ರೆವ್ವಾ. ಆದ್ರ ಹಸಿವಿ ಮಾತ್ರ ಹಂಗ ಐತಿ.”

ಅಮ್ಮ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳು. ನೆಗೆಣ್ಣಿಯರೆಂದರೆ ಒಂದೇ ಮನೆಗೆ ಸೊಸೆಯಾಗಿ ಬಂದವರು, ಹೊಂದಿಕೊಂಡು ಹೋಗುವುದೇ ಕಷ್ಟ. ಇವರಿಬ್ಬರು ಜಗಳವಾಡಲಿಲ್ಲವೆಂದಲ್ಲ. ಹುಳಿಗೆ ಬೆಲ್ಲ ಹಾಕುವ ವಿಷಯಕ್ಕೆ ಒಂದು ಹಗಲೆಲ್ಲ ಮಾತು ಬಿಟ್ಟದ್ದು ನನಗೇ ನೆನಪಿದೆ. ಆದರೆ ಸಂಜೆ ಬಾವಿಕಟ್ಟೆಯಲ್ಲಿ ಒಬ್ಬಳು ಹಗ್ಗ ಎಳೆಯುವಾಗ ಇನ್ನೊಬ್ಬಳು ಬಂದು ಹಗ್ಗದ ಹಿಂದಿನ ತುದಿಗೆ ಕೈ ಹಾಕಿದರೆ ಜಗಳ ಅಲ್ಲಿಗೆ ಮುಗಿಯಿತು. ಯಾರೂ ಯಾರನ್ನೂ ಕ್ಷಮಿಸು ಅನ್ನುತ್ತಿರಲಿಲ್ಲ.

ನಾನು ಶಾಲೆಗೆ ಸೇರಿದ ಹೊಸತರಲ್ಲಿ ವಿಷಮಶೀತ ಜ್ವರ ಬಂದು ಮಲಗಿದೆ. ಡಾಕ್ಟರು ಬಂದು ಹೋಗುತ್ತಿದ್ದರು, ಯಾರಿಗೂ ಭರವಸೆ ಉಳಿದಿರಲಿಲ್ಲ ಎನ್ನುತ್ತಾರೆ. ಕಾಕು ದೇವರಮನೆಯ ಬಾಗಿಲಲ್ಲಿ ನಿಂತು, “ಈ ಕೂಸು ಎದ್ದು ಕುಂತ್ರ ಲಕ್ಷಬತ್ತಿ ಹಚ್ಚತೀವಿ” ಎಂದುಬಿಟ್ಟಳಂತೆ. ಲಕ್ಷಬತ್ತಿ ಎಂದರೆ ಲಕ್ಷ ಬತ್ತಿಗಳನ್ನು ಕೈಯಿಂದಲೇ ಹೊಸೆದು, ತುಪ್ಪದಲ್ಲಿ ನೆನೆಸಿ, ಕಾರ್ತಿಕದಲ್ಲಿ ದೇವರ ಮುಂದೆ ಒಮ್ಮೆಲೇ ಬೆಳಗಿಸುವ ಹರಕೆ. ಮನೆಗೆಲಸದ ನಡುವೆ ವರ್ಷಗಟ್ಟಲೆ ಹಿಡಿಯುವ ಕೆಲಸ. ನಾನು ಎದ್ದು ಕೂತೆ. ಆಮೇಲೆ ಅಮ್ಮ ಕಾಕುವನ್ನು ತರಾಟೆಗೆ ತೆಗೆದುಕೊಂಡಳು.

“ನನ್ನ ಒಂದು ಮಾತು ಕೇಳದ ‘ಹಚ್ಚತೀವಿ’ ಅಂದ್ಯಲ್ಲ ಸುಶೀ?”

“ನಾ ಒಬ್ಬಾಕಿ ಹಚ್ಚತೀನಿ ಅಂದಿದ್ರ ಕೂಸು ನಂದೊಂದ ಆಗ್ತಿತ್ತಲ್ಲಕ್ಕ.”

ಕಾಕುವಿಗೆ ಮಕ್ಕಳಾಗಿರಲಿಲ್ಲ. ಸಂಕಲ್ಪ ಮಾಡಿಸಿದ ಆಚಾರ್ಯರು, ಇಬ್ಬರೂ ಕೂಡಿ ಹೊತ್ತ ಹರಕೆಯನ್ನು ಇಬ್ಬರೂ ಕೂಡಿಯೇ ಮುಗಿಸಬೇಕು, ನಡುವೆ ಒಬ್ಬರು ಕೈಬಿಟ್ಟರೆ ಇನ್ನೊಬ್ಬರದ್ದೂ ನಿಂತಂತೆ ಎಂದು ಹೇಳಿ ಹೋದರು.

ಬಾದನಹಟ್ಟಿಯಲ್ಲಿ ಅಮ್ಮನ ಅಣ್ಣನ ಹೊಲವಿತ್ತು. ಅಲ್ಲಿಂದ ಹತ್ತಿಯ ಗಂಟು ಬರುತ್ತಿತ್ತು. ಮಧ್ಯಾಹ್ನ ಊಟವಾದ ಮೇಲೆ ನಡುಮನೆಯಲ್ಲಿ ಕಾಳು ಬಿಡಿಸಿ, ಅರಳೆ ಹಿಂಜಿ, ಇಬ್ಬರೂ ಎದುರುಬದುರು ಕೂಡುತ್ತಿದ್ದರು. ಅಮ್ಮನ ಕೈ ಒಣಗೈ. ಎಳೆ ತೆಗೆದರೆ ಕೂದಲಿನಷ್ಟು ಸಣ್ಣಗೆ, ಉದ್ದಕ್ಕೆ ಬರುತ್ತಿತ್ತು, ಆದರೆ ಹೊಸೆದರೆ ನಿಲ್ಲದೆ ಬಿಚ್ಚಿಕೊಳ್ಳುತ್ತಿತ್ತು. ಕಾಕುವಿನ ಅಂಗೈ ಯಾವಾಗಲೂ ಸ್ವಲ್ಪ ಬೆವರುತ್ತಿತ್ತು. ಅವಳ ಎಳೆ ದಪ್ಪ, ಆದರೆ ಅವಳು ಹೊಸೆದ ಬತ್ತಿ ಗಟ್ಟಿ. ಹೀಗಾಗಿ ಒಂದು ಪದ್ಧತಿ ತಾನಾಗಿಯೇ ಬಂತು: ಅಮ್ಮನದೊಂದು ಸಣ್ಣ ಎಳೆ, ಕಾಕುವಿನದೊಂದು ದಪ್ಪ ಎಳೆ, ಎರಡನ್ನೂ ಕೂಡಿಸಿ ಕಾಕು ಹೊಸೆಯುವುದು. ಆ ಲಕ್ಷದಲ್ಲಿ ಒಬ್ಬಳೇ ಮಾಡಿದ ಬತ್ತಿ ಒಂದೂ ಇರಲಿಲ್ಲ. ಎಣಿಸಿ, ಕಟ್ಟು ಕಟ್ಟಿ, ಕಬ್ಬಿಣದ ಟ್ರಂಕಿನಲ್ಲಿ ಇಡುವುದು ಅಜ್ಜಿಯ ಕೆಲಸ. ನಾನು ಅವರಿಬ್ಬರ ನಡುವೆ ಬೋರಲು ಮಲಗಿ, ನೆಲದ ತಂಪಿಗೆ ಹೊಟ್ಟೆ ಒತ್ತಿಕೊಂಡು, ಅವರ ಮಾತು ಕೇಳುತ್ತಿದ್ದೆ. ಹೇಗೆ ಬದುಕಬೇಕೆಂದು ನಾನು ಎಲ್ಲಿಯಾದರೂ ಕಲಿತಿದ್ದರೆ ಆ ನೆಲದ ಮೇಲೆ ಕಲಿತೆ. ಇವತ್ತಿಗೂ ಸಂಕಟವಾದರೆ ನನಗೆ ಬೇಕೆನಿಸುವುದು ಆ ಜಾಗ.

ಮನೆ ಒಡೆದದ್ದು ಗ್ಯಾಸಿನ ಒಲೆಯಿಂದ. ಕಾಕಾ ಒಂದು ದಿನ ಸಿಲಿಂಡರು, ಒಲೆ ಎರಡನ್ನೂ ತಂದು ಪಡಸಾಲೆಯಲ್ಲಿ ಇಳಿಸಿದ. ಹೆಂಗಸರು ಹೊಗೆ ಕುಡಿಯುವುದು ಸಾಕು ಎಂದ. ಅದರ ಮೇಲೆ ಮಾಡಿದ ಅಡುಗೆ ನೈವೇದ್ಯಕ್ಕೆ ಬರುವುದಿಲ್ಲ ಎಂದು ಅಜ್ಜಿ ಅಂದಳು. ಅಪ್ಪ ಅಜ್ಜಿಯ ಕಡೆ ನಿಂತ. ಅಡುಗೆ ಮಾಡುವ ಇಬ್ಬರನ್ನು ಯಾರೂ ಕೇಳಲಿಲ್ಲ. ಒಲೆಯ ಮಾತು ಅಲ್ಲಿಂದ ಯಾರು ಮನೆಗೆ ಹಿರಿಯರು ಎಂಬಲ್ಲಿಗೆ, ಅಲ್ಲಿಂದ ಹಳೆಯ ಹತ್ತು ಮಾತಿಗೆ ಹೋಯಿತು. ಕೊನೆಗೆ ಕಾಕಾ ತನ್ನ ಅರ್ಧ ಬೇರೆ ಮಾಡಿ ಕೊಡು ಎಂದ, ಅಪ್ಪ ತಗೋ ಎಂದ. ಇಬ್ಬರೂ ಮೊಂಡರು, ಒಬ್ಬ ಮೆತ್ತಗಾಗಿದ್ದರೂ ಸಾಕಿತ್ತು. ಪಡಸಾಲೆಯಿಂದ ಹಿತ್ತಲಿನವರೆಗೆ ನಡುವೆ ಗೋಡೆ ಎದ್ದಿತು. ಗೋಡೆ ಕಟ್ಟಿದ ಮೇಸ್ತ್ರಿ ಇಮಾಮ್ ಸಾಬ್ ಬಾವಿಯ ಹತ್ತಿರ ಬಂದು ಕೈ ಚೆಲ್ಲಿ ನಿಂತ.

“ಮನಿಗೆ ಕಟ್ಟಿದೆ, ಹಿತ್ತಲಕ್ಕ ಕಟ್ಟಿದೆ. ನೀರಿಗೆ ಹೆಂಗ ಕಟ್ಟಲ್ರಿ ಸ್ವಾಮೇರ?”

ಬಾವಿಯ ಬಾಯಿಗೆ ಅಡ್ಡ ಒಂದು ಬಂಡೆ ಹಾಕಿ, ಅದರ ಮೇಲೆ ಗೋಡೆ ಎಬ್ಬಿಸಿದರು. ಆ ಕಡೆಗೊಂದು ರಾಟೆ, ಈ ಕಡೆಗೊಂದು ರಾಟೆ. ಮೇಲೆ ಬಾವಿ ಎರಡಾಯಿತು, ಕೆಳಗೆ ನೀರು ಒಂದೇ ಇತ್ತು. ಆ ಕಡೆಗೆ ಯಾರೂ ಮಾತಾಡಕೂಡದು ಎಂದು ಅಪ್ಪ ಹೇಳಿದ. ಆ ಕಡೆ ಕಾಕಾನೂ ಹಾಗೇ ಹೇಳಿದ್ದನಂತೆ. ಅಜ್ಜಿ ನಮ್ಮ ಕಡೆ ಉಳಿದಳು. ಕಾಕಾ ದಿನಾ ಸಂಜೆ ಬಂದು ಹೊರಗಿನ ಕಟ್ಟೆಯ ಮೇಲೆ ಅವಳ ಹತ್ತಿರ ಕೂತು ಹೋಗುತ್ತಿದ್ದ, ಒಳಗೆ ಕಾಲಿಡುತ್ತಿರಲಿಲ್ಲ.

ನಮ್ಮ ನಡುಮನೆ ಅರ್ಧವಾಯಿತು. ಅಮ್ಮ ಗೋಡೆಗೆ ಮುಖ ಮಾಡಿ ಕೂತು ಎಳೆ ತೆಗೆಯುತ್ತಿದ್ದಳು. ನನಗೆ ಆ ದಿನಗಳಲ್ಲಿ ಹುಟ್ಟಿದ ಭಯವನ್ನು ಯಾರಿಗೂ ಹೇಳಲಿಲ್ಲ: ಹರಕೆ ನಿಂತರೆ ನನ್ನ ಜ್ವರ ವಾಪಸು ಬರುತ್ತದೆ, ಈ ಸಲ ನಾನು ಏಳುವುದಿಲ್ಲ. ಬಿಸಿಲಿಗೆ ಹಣೆ ಕಾದರೂ ಸಾಕು, ಹೋಗಿ ದೇವರಮನೆಯ ಬಾಗಿಲಲ್ಲಿ ನಿಲ್ಲುತ್ತಿದ್ದೆ. ಒಂದು ದಿನ ಅಪ್ಪ ಕಚೇರಿಗೆ ಹೋದ ಮೇಲೆ ಅಮ್ಮ ಒಂದು ಬಿಸ್ಕತ್ತಿನ ಡಬ್ಬಿಗೆ ತಾನು ತೆಗೆದ ಎಳೆಗಳನ್ನು ತುಂಬಿ, ಮುಚ್ಚಳ ಬಿಗಿದು, ಕೊಡದೊಳಗಿಟ್ಟು ಬಾವಿಗೆ ಇಳಿಸಿದಳು. ಕೊಡ ನೀರಿನ ಮೇಲೆ ತೇಲುತ್ತಾ ನಿಂತಿತು. ಅಮ್ಮ ಹಗ್ಗವನ್ನು ಎರಡು ಸಲ ಜಗ್ಗಿದಳು, ರಾಟೆ ಕಿರುಗುಟ್ಟಿತು. ಸ್ವಲ್ಪ ಹೊತ್ತಿಗೆ ಆ ಕಡೆಯಿಂದ ಪಾತಾಳಗರಡಿ ಇಳಿದು ಬಂತು. ಬಾವಿಯಲ್ಲಿ ಬಿದ್ದ ಕೊಡವನ್ನು ಎತ್ತುವ, ನಾಲ್ಕೂ ಕಡೆ ಕೊಕ್ಕೆ ಇರುವ ಕಬ್ಬಿಣದ ಗೊಂಚಲು ಅದು. ಕೊಕ್ಕೆ ಹುಡುಕಾಡಿ ಕೊಡದ ಕುತ್ತಿಗೆಗೆ ಸಿಕ್ಕಿತು. ಅಮ್ಮ ಹಗ್ಗ ಸಡಿಲ ಬಿಟ್ಟಳು. ಕೊಡ ಆ ಕಡೆಗೆ ಮೇಲೇರಿ ಹೋಯಿತು. ಎರಡು ದಿನ ಬಿಟ್ಟು ಡಬ್ಬಿ ಅದೇ ದಾರಿಯಲ್ಲಿ ಬತ್ತಿ ತುಂಬಿಕೊಂಡು ವಾಪಸು ಬಂತು. ನಾನು ಕಟ್ಟೆಗೆ ಹೊಟ್ಟೆ ಊರಿ ಕೆಳಗೆ ಬಗ್ಗಿ ನೋಡಿದೆ. ನೀರಿನಲ್ಲಿ ನನ್ನ ಮುಖ, ಅಮ್ಮನ ಮುಖ, ಬಂಡೆಯ ನೆರಳಿನ ಆಚೆ ಕಾಕುವಿನ ಮುಖ ಕಂಡವು. ಕಾಕು ನನ್ನನ್ನು ನೋಡಿ ಹುಬ್ಬು ಹಾರಿಸಿದಳು. ನಾನು ಆ ದಿನ ಹೊಟ್ಟೆ ತುಂಬ ಊಟ ಮಾಡಿದೆ.

ಅಜ್ಜಿಗೆ ಎಲ್ಲ ಗೊತ್ತಿತ್ತು. ಬಂದ ಬತ್ತಿಗಳನ್ನು ಎಣಿಸಿ ಟ್ರಂಕಿಗೆ ಹಾಕುವವಳು ಅವಳೇ ಅಲ್ಲವೇ. ಅಪ್ಪನಿಗೆ ಮಾತ್ರ ಒಂದು ಮಾತೂ ಹೇಳಲಿಲ್ಲ. ನಾನು ದಿನಾ ಕೇಳುತ್ತಿದ್ದೆ.

“ಲಕ್ಷ ಆತೇನಜ್ಜಿ?”

“ಎಲ್ಲಿ ಲಕ್ಷ ತಗಿ. ಇನ್ನೂ ಭಾಳ ಅದ.”

ಹೀಗೆ ಕೆಲವು ಕಾಲ ನಡೆಯಿತು. ಆಮೇಲೆ ಕಾಕಾ ಸಿರುಗುಪ್ಪಕ್ಕೆ ವರ್ಗ ಮಾಡಿಸಿಕೊಂಡ. ಅವರು ಹೊರಟ ದಿನ ಅಮ್ಮ ಬಾವಿಕಟ್ಟೆಯ ಹತ್ತಿರ ಸುಳ್ಳೇ ಪಾತ್ರೆ ತಿಕ್ಕುತ್ತಾ ಕೂತಿದ್ದಳು. ಆ ಕಡೆ ರಾಟೆ ಎರಡು ಸಲ ಕಿರುಗುಟ್ಟಿತು. ಅಮ್ಮ ಎದ್ದು ತನ್ನ ರಾಟೆಯನ್ನು ಎರಡು ಸಲ ಜಗ್ಗಿದಳು. ಅಷ್ಟೇ. ಜಟಕಾ ಹೊರಟ ಸದ್ದು ಕೇಳಿತು. ಅಮ್ಮ ಮತ್ತೆ ಕೂತು, ತಿಕ್ಕಿದ ಪಾತ್ರೆಯನ್ನೇ ತಿಕ್ಕಿದಳು. ನಾನು ಹೋಗಿ ಅವಳ ಬೆನ್ನಿಗೆ ಒರಗಿದೆ. ಆ ಬೆನ್ನು ಅಳುತ್ತಿದ್ದುದು ಇನ್ನೂ ನನ್ನ ಕೆನ್ನೆಗೆ ಗೊತ್ತು.

ಬೇಸಿಗೆಯ ರಜೆ ಬಂದಾಗ ಅಮ್ಮ, ಕೂಸು ಕಾಕುವಿನ ಹತ್ತಿರ ನಾಲ್ಕು ದಿನ ಇದ್ದು ಬರಲಿ ಎಂದಳು. ಅಪ್ಪನೇ ನನ್ನನ್ನು ಬಸ್‌ಸ್ಟ್ಯಾಂಡಿಗೆ ಕರೆದುಕೊಂಡು ಹೋಗಿ, ಸಿರುಗುಪ್ಪದ ಬಸ್ಸಿನಲ್ಲಿ ಪರಿಚಯದವರ ಪಕ್ಕ ಕೂಡಿಸಿ, ಕೆಳಗಿಳಿದು ಕಿಟಕಿಯ ಹತ್ತಿರ ನಿಂತ. ಬಿಸ್ಕತ್ತಿನ ಡಬ್ಬಿ ಅವನ ಕೈಯಲ್ಲಿತ್ತು. ಅದನ್ನು ಕಿಟಕಿಯಿಂದ ನನ್ನ ತೊಡೆಯ ಮೇಲಿಟ್ಟು ಹೇಳಿದ:

“ಡಬ್ಬಿ ಜ್ವಾಕಿ. ಎಳಿಗೆ ಕೈ ತಾಗಿಸಬ್ಯಾಡ, ಹರೀತಾವ.”

ಡಬ್ಬಿಯಲ್ಲಿ ಏನಿದೆ ಎಂದು ಅಪ್ಪನಿಗೆ ಯಾರೂ ಹೇಳಿರಲಿಲ್ಲ ಎಂದು ಆವರೆಗೆ ನಾನು ನಂಬಿದ್ದೆ. ಬಸ್ಸು ಹೊರಟಿತು, ಅವನು ಬೇರೆ ಕಡೆ ನೋಡುತ್ತಾ ನಿಂತಿದ್ದ.

ಸಿರುಗುಪ್ಪದ ಕಾಕುವಿನ ಮನೆಯ ಸುತ್ತ ಹಸಿರು ಗದ್ದೆ, ಬಳ್ಳಾರಿಯ ಬಂಡೆ ನೋಡಿ ಬೆಳೆದ ನನಗೆ ಅದು ಬೇರೆ ದೇಶ. ಕಾಕು ನನಗೆ ಹೊಸಕ್ಕಿಯ ಅನ್ನಕ್ಕೆ ತುಪ್ಪ ಹಾಕಿ ಕಲಸಿ ಕೊಡುತ್ತಿದ್ದಳು. ಡಬ್ಬಿ ಬಿಚ್ಚುವ ಮೊದಲು ಕೈ ತೊಳೆದುಕೊಳ್ಳುತ್ತಿದ್ದಳು. ಎ‌ಳೆಗಳನ್ನು ಒಂದೊಂದಾಗಿ ಬೆರಳಲ್ಲಿ ಸವರಿ ನೋಡಿ ಹೇಳುತ್ತಿದ್ದಳು: “ಇದನ್ನ ತೆಗಿಯೋವಾಗ ನಿಮ್ಮಮ್ಮಗ ಕೈ ನೋವಿತ್ತು ನೋಡು. ಇದು ಚಲೋ ಬಂದೈತಿ, ಅವತ್ತ ನಕ್ಕಿರಬೇಕು.” ನಿಜವೋ ಸುಳ್ಳೋ, ನಾನು ಊರಿಗೆ ಬಂದು ಅದನ್ನೆಲ್ಲ ಅಮ್ಮನಿಗೆ ಹೇಳುತ್ತಿದ್ದೆ. ಅವಳು ಮೂರು ಸಲ ಹೇಳಿಸಿಕೊಳ್ಳುತ್ತಿದ್ದಳು. ಬೇಸಿಗೆಗೆ, ದಸರೆಗೆ, ಆಮೇಲೆ ನಾನು ಕಾಲೇಜಿಗೆ ಹೋದ ಮೇಲೂ ಡಬ್ಬಿ ನನ್ನ ತೊಡೆಯ ಮೇಲೆ ಕೂತು ಓಡಾಡಿತು. ಅಜ್ಜಿ ಮಾತ್ರ “ಇನ್ನೂ ಅದ” ಎನ್ನುತ್ತಲೇ ಇದ್ದಳು. ಹಾಗೆ ಅನ್ನುತ್ತಲೇ ಒಂದು ಮಧ್ಯಾಹ್ನ ಮಲಗಿದವಳು ಏಳಲಿಲ್ಲ.

ಕರ್ಮಗಳೆಲ್ಲ ಮುಗಿದ ಮೇಲೆ ಅಮ್ಮ ಮತ್ತು ಸಿರುಗುಪ್ಪದಿಂದ ಬಂದಿದ್ದ ಕಾಕು ಟ್ರಂಕು ತೆಗೆದು ಬತ್ತಿ ಎಣಿಸಲು ಕೂತರು. ಎಷ್ಟು ಬಾಕಿ ಇದೆ ಎಂದು ತಿಳಿಯಬೇಕಿತ್ತು. ಎಣಿಸುತ್ತಾ ಹೋದಂತೆ ಅವರ ಮುಖ ಬೇರೆಯಾಯಿತು. ಟ್ರಂಕು ಅರ್ಧವಾಗುವ ಹೊತ್ತಿಗೇ ಲಕ್ಷ ಮುಗಿದಿತ್ತು. ಅಜ್ಜಿಯ ಮಂಚದ ಕೆಳಗಿನ ಗಂಟಿನಲ್ಲಿ ಇನ್ನೂ ಇದ್ದವು.

“ವಯಸ್ಸಾಗಿತ್ತು,” ಅಂದಳು ಅಮ್ಮ. “ಲೆಕ್ಕ ತಪ್ಪಿರಬೇಕು.”

“ಅತ್ತಿ ಲೆಕ್ಕ ತಪ್ಪತಿದ್ದಿಲ್ಲಕ್ಕ. ಬೇಕಾದ್ರ ಹಾಲಿನಾಕಿನ್ನ ಕೇಳು,” ಅಂದಳು ಕಾಕು.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಮೊದಲು ಕಾಕು ನಕ್ಕಳು, ಆಮೇಲೆ ಅಮ್ಮ. ನಗುತ್ತಾ ನಗುತ್ತಾ ಅಮ್ಮ ಬತ್ತಿಯ ರಾಶಿಯ ಮೇಲೇ ಮುಖವಿಟ್ಟಳು. ನನಗೆ ಸಿಟ್ಟು ಬಂದಿತ್ತು, ನಿಜ ಹೇಳುತ್ತೇನೆ. ಎಷ್ಟು ವರ್ಷ ನಾನು ಹಣೆ ಮುಟ್ಟಿ ಮುಟ್ಟಿ ನೋಡಿಕೊಂಡಿದ್ದೆ. ಮಡಿ ಮೈಲಿಗೆಯಲ್ಲಿ ಕೂದಲೆಳೆಯಷ್ಟು ತಪ್ಪಿದರೂ ಮನೆ ತಲೆ ಮೇಲೆ ಮಾಡುತ್ತಿದ್ದ ಮುದುಕಿ, ದೇವರ ಹರಕೆಯಲ್ಲೇ ಸುಳ್ಳು ಲೆಕ್ಕ ಹೇಳಿ, ಅದನ್ನು ಮುಗಿಯಗೊಡದೆ ಇಟ್ಟಿದ್ದಳು. ಯಾಕೆ ಎಂದು ತಿಳಿದದ್ದು ಹರಕೆ ಮುಗಿದ ಮೇಲೆ.

ವರ್ಷದ ಸೂತಕ ಕಳೆದು ಕಾರ್ತಿಕ ಬಂತು. ಹರಕೆ ಒಪ್ಪಿಸುವಾಗ ಎರಡೂ ದಂಪತಿಗಳು ಸಾಲಾಗಿ ಮಣೆಯ ಮೇಲೆ ಕೂಡಬೇಕು ಎಂದರು ಆಚಾರ್ಯರು. ಕಾಕಾ ಬರುತ್ತಾನೋ ಇಲ್ಲವೋ ಎಂದು ಅಮ್ಮ ಬೆಳಗಿನಿಂದ ಬಾಗಿಲಿಗೂ ಒಲೆಗೂ ಓಡಾಡಿದಳು. ಬಂದ. ಅಜ್ಜಿಯ ಕರ್ಮಕ್ಕೆ ಬಂದಾಗಲೂ ಕಟ್ಟೆ ದಾಟದವನು, ಗೋಡೆ ಎದ್ದ ಮೇಲೆ ಮೊದಲ ಸಲ ಒಳಗೆ ಕಾಲಿಟ್ಟ. ಅಣ್ಣ ತಮ್ಮ ಪಕ್ಕಪಕ್ಕದ ಮಣೆಯಲ್ಲಿ ಕೂತು ಒಬ್ಬರನ್ನೊಬ್ಬರು ನೋಡದೆ ಮಂತ್ರ ಹೇಳಿದರು. ತುಳಸಿಕಟ್ಟೆಯ ಮುಂದೆ ದೊಡ್ಡ ಹಿತ್ತಾಳೆಯ ಪರಾತದಲ್ಲಿ ತುಪ್ಪದಲ್ಲಿ ನೆನೆದ ಬತ್ತಿಯ ರಾಶಿ. ಅಮ್ಮ ಮತ್ತು ಕಾಕು ಒಂದೇ ಆರತಿಯನ್ನು ಇಬ್ಬರೂ ಹಿಡಿದು ಹಚ್ಚಿದರು. ಹೊತ್ತಿಕೊಳ್ಳುವಷ್ಟರಲ್ಲಿ ಗಾಳಿ ಎದ್ದಿತು. ಅಪ್ಪ ಹೆಗಲ ಮೇಲಿನ ಪಂಚೆ ಬಿಚ್ಚಿ ಅಡ್ಡ ಹಿಡಿದ. ಒಬ್ಬನ ಕೈಗೆ ಸಾಲಲಿಲ್ಲ.

“ಆ ತುದಿ ಹಿಡಿಯಲೇ,” ಅಂದ.

“ಹಿಡದೀನಿ, ಅಣ್ಣಾ,” ಅಂದ ಕಾಕಾ.

ಉರಿ ನಿಂತಿತು. ಆ ಬೆಳಕಿನಲ್ಲಿ ಎಲ್ಲರ ಮುಖ ಕೆಂಪಾಗಿತ್ತು. ಇಷ್ಟು ವರ್ಷಗಳ ಮಧ್ಯಾಹ್ನಗಳೆಲ್ಲ, ಬಾವಿಯೊಳಗೆ ಇಳಿದು ಏರಿದ್ದೆಲ್ಲ, ನನ್ನ ಬಸ್ಸಿನ ಪ್ರಯಾಣಗಳೆಲ್ಲ ಊಟದ ಎಲೆ ಹಾಕುವಷ್ಟರಲ್ಲಿ ಉರಿದು ಹೋದವು. ಸಂಜೆ ಕಾಕಾ ಬಸ್ಸಿಗೆ ಹೊತ್ತಾಯಿತೆಂದು ಕಟ್ಟೆಯ ಮೇಲೆ ನಿಂತ. ಒಳಗೆ ಉಳಿದ ಬತ್ತಿಗಳನ್ನು ಟ್ರಂಕಿಗೆ ತುಂಬುತ್ತಾ ಕಾಕು ಮೆಲ್ಲಗೆ ಕೇಳಿದಳು:

“ಇಂದಕ್ಕ, ಇನ್ನೊಂದು ಹರಕಿ ಹೊರೂಣೇನು?”

“ಯಾತಕ್ಕ?”

“ಯಾತಕ್ಕರ.”

ಅಮ್ಮ ಹೊರಗೆ ಕಟ್ಟೆಯ ಕಡೆ ನೋಡಿದಳು, ಟ್ರಂಕಿನ ಮುಚ್ಚಳ ಹಾಕಿದಳು. ಕಾಕು ಹೋದಳು. ಆಮೇಲೆ ಒಂದು ಕೈಯಿಂದ ಇನ್ನೊಂದು ಕೈಗೆ ಹೋಗಬೇಕಾದದ್ದು ಏನೂ ಉಳಿಯಲಿಲ್ಲ. ಮದುವೆ ಮುಂಜಿಗಳಲ್ಲಿ ಅವರು ಸಿಕ್ಕಿದರು, ಜನರ ನಡುವೆ ಊಟವಾಯಿತೇ ಎಂದು ಕೇಳಿಕೊಂಡರು. ಮುಂದೆ ಕಾಕಾ ತೀರಿಕೊಂಡ, ಅಪ್ಪನೂ ಹೋದ. ಮನೆ ಕೈ ಬದಲಾಗಿ ಬಾವಿಯ ಮೇಲೆ ಚಪ್ಪಡಿ ಬಿತ್ತು. ಅಮ್ಮ ಟ್ರಂಕಿನ ಸಮೇತ ನನ್ನ ಜೊತೆಗೆ ಬಂದಳು. ನಾನು ಅವಳಿಗೆ ಮೊಬೈಲು ಕೊಡಿಸಿದೆ, ಇನ್ನು ಬೇಕಾದಷ್ಟು ಮಾತಾಡಲಿ ಎಂದು. ಅಮ್ಮ ಫೋನು ಕಿವಿಗಿಟ್ಟು “ಊಟಾತೇನು ಸುಶೀ” ಅನ್ನುತ್ತಿದ್ದಳು. ಆ ಕಡೆಯಿಂದ ಉತ್ತರ ಬರುತ್ತಿತ್ತು. ಆಮೇಲೆ ಇಬ್ಬರಿಗೂ ಏನು ಹೇಳಬೇಕೋ ತಿಳಿಯುತ್ತಿರಲಿಲ್ಲ. ಅವರಿಗೆ ಮಾತು ಬರುತ್ತಿದ್ದದ್ದು ಕೈಯಲ್ಲಿ ಕೆಲಸವಿದ್ದಾಗ.

ಕಳೆದ ವರ್ಷ ಅಮ್ಮ ಹಾಸಿಗೆ ಹಿಡಿದಾಗ ನಾನು ಸಿರುಗುಪ್ಪಕ್ಕೆ ಸುದ್ದಿ ಮಾಡಿದೆ. ಕಾಕು ಒಂದು ಚೀಲ ಹಿಡಿದು ಬಂದಳು, ಬಂದವಳು ಹೋಗಲಿಲ್ಲ. ಅಮ್ಮನಿಗೆ ಮಾತು ನಿಂತಿತ್ತು. ಆದರೆ ಬೆರಳು ಹೊದಿಕೆಯ ಮೇಲೆ ಏನನ್ನೋ ಎಳೆಯುತ್ತಲೇ ಇರುತ್ತಿದ್ದವು. ನರ್ಸು ಅದನ್ನು ನೋಡಿ ಔಷಧಿಯ ಕಾರಣ ಎಂದಳು. ಕಾಕು ತನ್ನ ಚೀಲದಿಂದ ಒಂದು ಹಿಡಿ ಅರಳೆ ತೆಗೆದು ಅಮ್ಮನ ಬೆರಳುಗಳ ನಡುವೆ ಇಟ್ಟಳು. ಬೆರಳು ಸಮಾಧಾನವಾದವು. ಅವಳ ಪಕ್ಕದಲ್ಲಿ ಕೂತು ಕಾಕು ಮಾತು ಶುರು ಮಾಡಿದಳು: ಹುಳಿಗೆ ಬೆಲ್ಲದ ಸಂಗತಿ, ಅಕ್ಕಿಯ ಸೇರಿನ ಸಂಗತಿ, ಬಾವಿಯ ಸಂಗತಿ. ಮುಂದಿನ ದಿನಗಳೂ ಹಾಗೇ ಹೋದವು. ಒಂದು ಬೆಳಿಗ್ಗೆ ಕಾಫಿಯ ಹೊತ್ತಿಗೆ ಅಮ್ಮ ಹೋದಳು. ಕಾಕು ಆಗಲೂ ಮಾತಾಡುತ್ತಿದ್ದಳು, ನಾನು ಅವಳ ಹೆಗಲು ಮುಟ್ಟಿ ನಿಲ್ಲಿಸಿದೆ.

ಅಮ್ಮನನ್ನು ನೆಲಕ್ಕಿಳಿಸಿ ಮಲಗಿಸಿದ ಮೇಲೆ, ತಲೆಯ ಹತ್ತಿರ ದೀಪವಿಡಬೇಕು, ಒಂಟಿ ಎಳೆ ತನ್ನಿರಿ ಎಂದರು ಬಂದವರು. ನಾನು ಟ್ರಂಕು ತೆಗೆದೆ. ಅದರಲ್ಲಿದ್ದವೆಲ್ಲ ಎರಡೆಳೆಯ ಬತ್ತಿಗಳೇ. ಒಂದನ್ನು ಬಿಡಿಸಲು ಹೋದೆ, ಕಾಕು ಹೊಸೆದ ಹುರಿ ನನ್ನ ಬೆರಳಿಗೆ ಜಗ್ಗಲಿಲ್ಲ.

“ಇಲ್ಲಿ ಕೊಡು ಕೂಸ,” ಎಂದಳು ಕಾಕು. “ಹಾಕಿದಾಕಿ ನಾನ ಅಲ್ಲೇನು.”

ಅವಳು ಗೋಡೆಗೆ ಒರಗಿ ಕೂತು, ಕಣ್ಣು ಮುಚ್ಚಿ, ಬತ್ತಿಯ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಹಿಂದಕ್ಕೆ ತಿರುವಿದಳು. ಅವಳ ಅಂಗೈ ಈಗ ಒಣಗಿತ್ತು. ಬಹಳ ಹೊತ್ತು ಹಿಡಿಯಿತು, ಯಾರೂ ಅವಸರ ಮಾಡಲಿಲ್ಲ. ಕೊನೆಗೆ ಎರಡು ಎಳೆ ಬೇರೆಯಾದವು. ಎರಡನ್ನೂ ಬೆರಳಲ್ಲಿ ಸವರಿ ನೋಡಿದಳು. ಸಣ್ಣದನ್ನು ನನ್ನ ಕೈಗೆ ಕೊಟ್ಟಳು. ದೀಪಕ್ಕೆ ಹಾಕಿ ಹಚ್ಚಿದೆ. ದಪ್ಪ ಎಳೆಯನ್ನು ಅವಳು ತನ್ನ ಸೆರಗಿನ ತುದಿಯಲ್ಲಿಟ್ಟು ಗಂಟು ಹಾಕಿಕೊಂಡಳು.